ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ಯಾಕೆ ಹೀಗೆ?

ಕಳೆದ ಸಲ ನಿದ್ದೆ ಬಗ್ಗೆ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣ ತುಂಬಿವೆ. ನಿದ್ದೆ ಬರುವುದಿಲ್ಲ ಎಂದು ಶುರುವಾದ ಪತ್ರ ಎರಡನೇ ಪ್ಯಾರಾ ಹೊತ್ತಿಗೆ ಆಫೀಸಿಗೆ ಹೋಗಿ ಕೂತಿರುತ್ತದೆ! ಅದಕ್ಕೇ ಈ ಬಾರಿ ಕೆಲಸದ ಒತ್ತಡ ಒಂದೇ ವಿಷಯ. ಹೆಸರು, ಊರು, ಕೆಲಸದ ಜಾಗ ಎಲ್ಲ ತೆಗೆದಿದ್ದೇನೆ. ಉದ್ದ ಪತ್ರಗಳನ್ನು ಕತ್ತರಿಸಿದ್ದೇನೆ, ಬರೆದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನಗೆ 36 ವರ್ಷ, ಒಂಬತ್ತು ವರ್ಷದಿಂದ ಒಂದೇ ಕಡೆ ಕೆಲಸ. ಆರೇಳು ತಿಂಗಳಿಂದ ಕತ್ತು, ಭುಜ ನೋವು. ಬೆಳಿಗ್ಗೆ ಏಳುವಾಗಲೇ ಸುಸ್ತು. ರಜೆಯ ದಿನ ಸಂಜೆಯಾದರೆ ಹೊಟ್ಟೆ ತೊಳಸಿದ ಹಾಗಾಗುತ್ತದೆ. ರಕ್ತ ಪರೀಕ್ಷೆ, ಇಸಿಜಿ, ಥೈರಾಯ್ಡ್ ಎಲ್ಲ ಮಾಡಿಸಿದೆ, ನಾರ್ಮಲ್. ಡಾಕ್ಟರು ‘ಸ್ಟ್ರೆಸ್ ಕಡಿಮೆ ಮಾಡ್ಕೊಳ್ಳಿ’ ಎಂದು ಕಳಿಸಿದರು. ಆದರೆ ನನಗೆ ಸ್ಟ್ರೆಸ್ ಇದೆ ಅಂತ ಅನ್ನಿಸುವುದೇ ಇಲ್ಲ. ಎಲ್ಲರಿಗೂ ಇರುವಷ್ಟೇ ಕೆಲಸ ನನಗೂ ಇದೆ. ನಾನು ಸುಮ್ನೆ ನಾಜೂಕಾಗಿಬಿಟ್ಟಿದ್ದೇನಾ?

ಉತ್ತರ: ನಾಜೂಕು ಏನೂ ಆಗಿಲ್ಲ. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ನೋವಿನ ವಿಷಯವನ್ನಲ್ಲ, ‘ಸ್ಟ್ರೆಸ್ ಇದೆ ಅಂತ ಅನ್ನಿಸುವುದೇ ಇಲ್ಲ’ ಎಂಬ ಮಾತನ್ನು. ಫ್ರಿಜ್ ಗುಂಯ್ ಎನ್ನುತ್ತಿರುವುದು ಅದು ನಿಂತಾಗ ತಾನೇ ಗೊತ್ತಾಗುವುದು? ವರ್ಷಗಟ್ಟಲೆ ಜೊತೆಗಿರುವ ಒತ್ತಡವೂ ಹಾಗೇ. ಮನಸ್ಸು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಮೈ ಮಾತ್ರ ಹಿಡಿದಿಟ್ಟುಕೊಂಡಿರುತ್ತದೆ.

1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ವರದಿ ಬರೆದರು. ಇಲಿಗಳನ್ನು ಚಳಿಯಲ್ಲಿ ಇಟ್ಟರೂ, ವಿಪರೀತ ಓಡಿಸಿದರೂ, ಗಾಯವಾದರೂ ಅವುಗಳ ಮೈ ಸುಮಾರು ಒಂದೇ ಥರ ವರ್ತಿಸಿತು, ಮೂರು ಹಂತದಲ್ಲಿ. ಮೊದಲು ಗಾಬರಿ. ಆಮೇಲೆ ತಡೆದುಕೊಳ್ಳುವ ಹಂತ, ಕೊನೆಗೆ ಬಸವಳಿಯುವುದು. ಮೋಸ ಇರುವುದು ಆ ಮಧ್ಯದ ಹಂತದಲ್ಲೇ. ಹೊರಗಿನಿಂದ ನೋಡಿದರೆ ಪ್ರಾಣಿ ಚೆನ್ನಾಗಿದೆ, ಹೊಂದಿಕೊಂಡಿದೆ ಅನ್ನಿಸುತ್ತದೆ. ಒಳಗೆ ಕೂಡಿಟ್ಟ ಶಕ್ತಿಯ ಗಂಟು ಕರಗುತ್ತಿರುತ್ತದೆ.

ಹಾಗಂತ ಒತ್ತಡವೇ ಕೆಟ್ಟದ್ದು ಅಂತಲ್ಲ. ನಾಳೆ ಒಪ್ಪಿಸಬೇಕಾದ ಕೆಲಸ ಇದ್ದಾಗ ಎದೆ ಡವಡವ ಎನ್ನುವುದು, ಕಣ್ಣು ಚುರುಕಾಗುವುದು ಒಳ್ಳೆಯದೇ, ಅದಿಲ್ಲದಿದ್ದರೆ ಈ ಅಂಕಣವನ್ನು ನಾನೂ ಸಮಯಕ್ಕೆ ಸರಿಯಾಗಿ ಕೊಡುತ್ತಿರಲಿಲ್ಲ. ಅಡ್ರಿನಾಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ, ಸ್ನಾಯುಗಳಿಗೆ ರಕ್ತ ಜಾಸ್ತಿ ಹೋಗುತ್ತದೆ, ಜೀರ್ಣದ ಕೆಲಸ ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿಯುತ್ತದೆ. ರಜೆಯ ಸಂಜೆ ನಿಮ್ಮ ಹೊಟ್ಟೆ ತೊಳಸುವುದಕ್ಕೂ ಬಿಗಿಯಾದ ಭುಜಕ್ಕೂ ನಂಟಿರುವುದು ಇಲ್ಲೇ: ಮೈ ನಾಳೆಯ ಜಗಳಕ್ಕೆ ಇವತ್ತೇ ಸಿದ್ಧವಾಗಿ ನಿಂತಿದೆ. ಅಪಾಯ ಕಳೆದ ಮೇಲೆ ಇದೆಲ್ಲ ಇಳಿಯಬೇಕು. ಇಳಿಯದೆ ತಿಂಗಳುಗಟ್ಟಲೆ ಹಾಗೇ ಇದ್ದರೆ ನಿದ್ದೆ ಕೆಡುತ್ತದೆ, ಬಿಪಿ ಏರುತ್ತದೆ, ನೆಗಡಿ ಪದೇ ಪದೇ ಬರುತ್ತದೆ. ನೆಗಡಿಯದ್ದು ಸುಮ್ನೆ ಹೇಳಿದ ಮಾತಲ್ಲ. 1991ರಲ್ಲಿ ಶೆಲ್ಡನ್ ಕೋಹೆನ್ ಎಂಬ ಮನೋವಿಜ್ಞಾನಿ ಮತ್ತು ಜೊತೆಗಾರರು, ಒಪ್ಪಿ ಬಂದ ಆರೋಗ್ಯವಂತರ ಮೂಗಿಗೇ ನೆಗಡಿ ವೈರಸ್ ಹನಿ ಹಾಕಿ ನೋಡಿದ್ದರು. ಯಾರಿಗೆ ಒತ್ತಡ ಜಾಸ್ತಿ ಇತ್ತೋ ಅವರಿಗೆ ಸೋಂಕು ತಗಲುವುದೂ ಜಾಸ್ತಿ ಇತ್ತು.

ಹಾಗಾಗಿ ‘ಎಷ್ಟು ಕೆಲಸ ಇದೆ’ ಎಂದು ಕೇಳಿಕೊಳ್ಳಬೇಡಿ. ‘ಎರಡು ದಿನ ಬಿಡುವು ಸಿಕ್ಕರೆ ಸುಸ್ತು ಇಳಿಯುತ್ತಾ’ ಎಂದು ಕೇಳಿಕೊಳ್ಳಿ. ಇಳಿದರೆ ಅದು ದಣಿವು. ಇಳಿಯದಿದ್ದರೆ, ಅಥವಾ ಬಿಡುವು ಸಿಕ್ಕ ದಿನವೇ ತಲೆನೋವು ಬರುತ್ತಿದ್ದರೆ, ನಿಮ್ಮ ಮೈ ಆಫ್ ಆಗುವುದನ್ನು ಮರೆತಿದೆ. ಎರಡು ವಾರ ಒಂದು ಕೆಲಸ ಮಾಡಿ. ದಿನಾ ರಾತ್ರಿ ಎರಡೇ ಸಾಲು ಬರೆಯಿರಿ: ಇವತ್ತು ನೋವು ಯಾವಾಗ ಬಂತು, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು. ಇದಕ್ಕೆ ಆ್ಯಪ್ ಬೇಡ, ಕಾಗದ ಸಾಕು. ಹದಿನಾಲ್ಕು ದಿನ ಆದ ಮೇಲೆ ಓದಿದರೆ ಒಬ್ಬ ವ್ಯಕ್ತಿಯೋ, ಒಂದು ಮೀಟಿಂಗೋ, ಒಂದು ಹೊತ್ತೋ ಮತ್ತೆ ಮತ್ತೆ ಕಾಣಿಸುತ್ತದೆ. ಅಲ್ಲಿಂದ ಶುರು ಮಾಡಬಹುದು.

ಒಂದು ಎಚ್ಚರಿಕೆ. ಎದೆ ನೋವು, ಎಡಗೈಗೆ ಹರಡುವ ನೋವು, ಉಸಿರು ಕಟ್ಟಿದಂತಾಗುವುದು ಬಂದರೆ ‘ಇದು ಸ್ಟ್ರೆಸ್ಸೇ ಇರಬೇಕು’ ಎಂದು ಮಲಗಿಬಿಡಬೇಡಿ. ಹಿಂದಿನ ಇಸಿಜಿ ನಾರ್ಮಲ್ ಇತ್ತು ಎಂಬ ಧೈರ್ಯವೂ ಬೇಡ. ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೆ ಆಗಿರುವುದು ಬರ್ನ್‌ಔಟಾ, ಡಿಪ್ರೆಶನ್ನಾ? ಹೇಗೆ ಗೊತ್ತಾಗುತ್ತದೆ?

ಉತ್ತರ: ಪತ್ರ ಓದಿ ಇಂಥದ್ದೇ ಎಂದು ಹೇಳಲು ನನ್ನಿಂದಾಗದು, ಯಾರಿಂದಲೂ ಆಗದು. ಆದರೆ ಗುರುತು ಹೇಳಬಲ್ಲೆ. ಬರ್ನ್‌ಔಟ್ ಎಂಬ ಮಾತನ್ನು ಈ ಅರ್ಥದಲ್ಲಿ ಬಳಕೆಗೆ ತಂದದ್ದು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿ, 1974ರಲ್ಲಿ. ಉಚಿತ ಚಿಕಿತ್ಸಾಲಯದಲ್ಲಿ ಹಗಲು ರಾತ್ರಿ ದುಡಿಯುತ್ತಿದ್ದವರನ್ನು ನೋಡಿ, ತಾನೂ ಹಾಗೇ ಸುಟ್ಟುಹೋದ ಮೇಲೆ ಬರೆದದ್ದು. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ಇನ್ನೊಬ್ಬ ಮನೋವಿಜ್ಞಾನಿ ಇದಕ್ಕೆ ಮೂರು ಮುಖ ಇದೆ ಎಂದರು. ಜೀವ ಹಿಂಡಿದ ಹಾಗೆ ಸುಸ್ತು ಒಂದು. ಕೆಲಸದ ಮೇಲೆ, ಜನರ ಮೇಲೆ ತಾತ್ಸಾರ ಇನ್ನೊಂದು, ‘ಏನಾದರೂ ಆಗಲಿ ನನಗೇನು’ ಅನ್ನಿಸುವುದು. ಮೂರನೆಯದು, ತಾನು ಯಾವ ಕೆಲಸಕ್ಕೂ ಬಾರದವನು ಎಂಬ ಭಾವ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಯಲ್ಲಿ ಇದೇ ಮೂರನ್ನು ಹಿಡಿದು ಬರ್ನ್‌ಔಟ್ ವಿವರಿಸಿತು. ಆದರೆ ಅದು ಕಾಯಿಲೆಯಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ಸ್ಪಷ್ಟವಾಗಿ ಹೇಳಿತು. ನನಗೆ ಆ ಮಾತು ಇಷ್ಟ. ಕೆಟ್ಟಿರುವುದು ನಿಮ್ಮ ತಲೆ ಒಂದೇ ಅಲ್ಲ, ಕೆಲಸದ ಜಾಗವನ್ನೂ ನೋಡಿ ಅಂತ ಅದರ ಅರ್ಥ.

ಡಿಪ್ರೆಶನ್ ಕೆಲಸದ ಬಾಗಿಲ ಹತ್ತಿರ ನಿಲ್ಲುವುದಿಲ್ಲ. ಇಷ್ಟದ ಹಾಡು, ಗೆಳೆಯರು, ಮಕ್ಕಳ ಆಟ ಎಲ್ಲ ಸಪ್ಪೆಯಾಗುತ್ತದೆ. ಎರಡು ವಾರಕ್ಕಿಂತ ಜಾಸ್ತಿ ದಿನದ ಬಹುಪಾಲು ಹೀಗೇ ಇದ್ದರೆ ವೈದ್ಯರನ್ನು ನೋಡಿ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಬದುಕು ಬೇಡ ಎಂಬ ಯೋಚನೆ ಒಮ್ಮೆ ಬಂದಿದ್ದರೂ ಎರಡು ವಾರ ಕಾಯಬೇಡಿ, ಇವತ್ತೇ ಹತ್ತಿರದವರೊಬ್ಬರಿಗೆ ಹೇಳಿ, ಅವರ ಜೊತೆಯಲ್ಲೇ ಹೋಗಿ. ಅಂದಹಾಗೆ ಎರಡೂ ಒಟ್ಟಿಗೇ ಇರಬಹುದು. ಹೆಸರು ಯಾವುದು ಎಂದು ತೀರ್ಮಾನವಾಗುವವರೆಗೆ ಸಹಾಯ ಕೇಳಬಾರದು ಎಂದೇನಿಲ್ಲ.

ಪ್ರಶ್ನೆ: ಎರಡು ವರ್ಷದಲ್ಲಿ ಮೊದಲ ಸಲ ಹತ್ತು ದಿನ ರಜೆ ತಗೊಂಡೆ. ಮೊದಲ ನಾಲ್ಕು ದಿನ ಫೋನ್ ನೋಡುತ್ತಲೇ ಇದ್ದೆ, ಕೊನೆಯ ಎರಡು ದಿನ ವಾಪಸ್ ಹೋಗುವ ಚಿಂತೆ. ಹೋದ ಮೂರನೇ ದಿನಕ್ಕೆ ರಜೆ ತಗೊಂಡೇ ಇಲ್ಲವೇನೋ ಅನ್ನುವ ಹಾಗಾಯಿತು. ಹಾಗಾದರೆ ರಜೆಯಿಂದ ಏನು ಉಪಯೋಗ?

ಉತ್ತರ: ನಿಮ್ಮ ಲೆಕ್ಕದಲ್ಲೇ ಉತ್ತರ ಇದೆ, ಹತ್ತರಲ್ಲಿ ನಿಮಗೆ ಸಿಕ್ಕಿದ್ದು ನಾಲ್ಕೇ ದಿನ. ಕಾಲು ಆಫೀಸಿನಿಂದ ಹೊರಗಿತ್ತು, ತಲೆ ಒಳಗೇ ಇತ್ತು. ಇದನ್ನು ಓದುತ್ತಿರುವ ಬಹಳ ಜನರ ಕಥೆ ಇದೇ ಇರಬೇಕು. ಚೆನ್ನಾಗಿ ಕಳೆದ ರಜೆಯ ಹುರುಪು ಕೂಡ ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ. ವರ್ಷಕ್ಕೊಮ್ಮೆ ಹತ್ತು ದಿನ ನಿದ್ದೆ ಮಾಡಿ ಉಳಿದ ದಿನ ಎದ್ದಿರುತ್ತೇನೆ ಅಂದರೆ ಆಗುತ್ತದಾ? ಬಿಡುವೂ ಹಾಗೇ, ದಿನಾ ಬೇಕು, ಸ್ವಲ್ಪ ಸ್ವಲ್ಪವೇ ಬೇಕು.

ದಿನಾ ಬಿಡುವು ಸಿಗಬೇಕಾದರೆ ಕೆಲಸಕ್ಕೆ ಒಂದು ಕೊನೆ ಇರಬೇಕು. ಇದು ಹೇಳಿದಷ್ಟು ಸುಲಭವಲ್ಲ. ಮುಂಚೆ ಕೀಲಿ ಹಾಕಿದರೆ ಕೆಲಸ ಮುಗಿಯುತ್ತಿತ್ತು, ಈಗ ಆಫೀಸು ಜೇಬಿನಲ್ಲಿದೆ. ಮನೆಯಿಂದಲೇ ಕೆಲಸ ಮಾಡುವವರಿಗಂತೂ ಮಧ್ಯೆ ದಾರಿಯೂ ಇಲ್ಲ, ಆ ದಾರಿಯಲ್ಲಿ ತಲೆ ತಣ್ಣಗಾಗುತ್ತಿತ್ತು ಎಂದು ಕಳೆದುಕೊಂಡ ಮೇಲೆ ಗೊತ್ತಾಯಿತು. ಹಾಗಾಗಿ ಕೀಲಿಯನ್ನು ನಾವೇ ಮಾಡಿಕೊಳ್ಳಬೇಕು. ಕೊನೆಯ ಹತ್ತು ನಿಮಿಷ ಹೊಸ ಕೆಲಸ ಮುಟ್ಟಬೇಡಿ. ಏನು ಬಾಕಿ ಇದೆ, ನಾಳೆ ಮೊದಲು ಯಾವುದಕ್ಕೆ ಕೈ ಹಾಕುತ್ತೇನೆ ಎಂದು ಬರೆಯಿರಿ. ಲ್ಯಾಪ್‌ಟಾಪ್ ಮುಚ್ಚಿ ಕಣ್ಣಿಗೆ ಕಾಣದ ಕಡೆ ಇಡಿ. ಬಟ್ಟೆ ಬದಲಿಸಿ, ಹದಿನೈದು ನಿಮಿಷ ನಡೆದು ಬನ್ನಿ. ಮನೆಯಿಂದ ಹೊರಟು ಮನೆಗೇ ಬರುವುದು ತಮಾಷೆ ಅನ್ನಿಸಬಹುದು, ಆದರೂ ಕೆಲಸ ಮಾಡುತ್ತದೆ.

ಬರೆಯಿರಿ ಎಂದು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮುಗಿಯದ ಕೆಲಸ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ, ಎಲ್ಲಿ ಮರೆತುಬಿಡುತ್ತೇನೋ ಎಂದು. ಕಾಗದದ ಮೇಲೆ ಇಳಿದರೆ ಕಾವಲು ಕಾಯುವ ಕೆಲಸ ತಲೆಗೆ ತಪ್ಪುತ್ತದೆ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಯುವಕ ಯುವತಿಯರ ಮೇಲೆ ಇದನ್ನು ಪರೀಕ್ಷಿಸಿದರು. ಮಲಗುವ ಮುಂಚೆ ಐದು ನಿಮಿಷ ಅರ್ಧ ಜನ ಮುಂದೆ ಮಾಡಬೇಕಾದ್ದನ್ನು ಬರೆದರು, ಉಳಿದವರು ಮಾಡಿ ಮುಗಿಸಿದ್ದನ್ನು ಬರೆದರು. ಬಾಕಿ ಕೆಲಸ ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಬಂತು. ಸಣ್ಣ ಪ್ರಯೋಗ, ಸಣ್ಣ ಲಾಭ. ಆದರೆ ಖರ್ಚು ಒಂದು ಹಾಳೆ ಮಾತ್ರ, ಅಲ್ವಾ?

ಫೋನಿನ ವಿಷಯ. ‘ರಜೆಯಲ್ಲಿ ಫೋನ್ ನೋಡಬೇಡಿ’ ಎಂದು ಬರೆದರೆ ನೀವು ನಗುತ್ತೀರಿ. ಪೂರ್ತಿ ಬಿಡಲಾಗದಿದ್ದರೆ ದಿನಕ್ಕೆ ಒಂದು ಹೊತ್ತು ಗೊತ್ತು ಮಾಡಿ, ಅದನ್ನು ಹೊರಡುವ ಮುಂಚೆಯೇ ಎಲ್ಲರಿಗೂ ಹೇಳಿಬಿಡಿ. ಕೆಟ್ಟದ್ದು ಒಂದು ಮೆಸೇಜ್ ನೋಡುವುದಲ್ಲ. ಯಾವಾಗ ಬಂದೀತೋ ಎಂದು ಇಡೀ ದಿನ ಕಿವಿ ಅಲ್ಲೇ ಇಟ್ಟಿರುವುದು ಕೆಟ್ಟದ್ದು.

ಪ್ರಶ್ನೆ: ಒತ್ತಡ ನಿರ್ವಹಣೆ ಎಂದು ನಮ್ಮ ಆಫೀಸಿನಲ್ಲಿ ಧ್ಯಾನದ ಆ್ಯಪ್ ಕೊಟ್ಟಿದ್ದಾರೆ, ಸಂಜೆ ಆರಕ್ಕೆ ಉಸಿರಾಟದ ಕ್ಲಾಸ್ ಬೇರೆ. ಕೆಲಸ ಮಾತ್ರ ಒಂದಿಷ್ಟೂ ಕಡಿಮೆ ಆಗಿಲ್ಲ. ಇದರಿಂದ ಪ್ರಯೋಜನ ಇದೆಯಾ?

ಉತ್ತರ: ಉಸಿರಾಟದಿಂದ ಪ್ರಯೋಜನ ಇದೆ. ನಿಮಿಷಕ್ಕೆ ಆರು ಉಸಿರಿನ ಆಸುಪಾಸು, ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಸ್ವಲ್ಪ ಉದ್ದ. ಐದು ನಿಮಿಷ ಹೀಗೆ ಉಸಿರಾಡಿದರೆ ಎದೆಬಡಿತ ಇಳಿಯುತ್ತದೆ. ಮೀಟಿಂಗಿಗೆ ಮುಂಚೆ ಮಾಡಿ ನೋಡಿ. ಆದರೆ ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟು ಮಾಡು ರಿಪೇರಿ ಆಯಿತು ಎನ್ನುವುದಕ್ಕೆ ಬರುವುದಿಲ್ಲ. ಕ್ಲಾಸು ಕೆಲಸದ ಹೊತ್ತಿನಲ್ಲೇ ಇಡಿ ಎಂದು ಕೇಳಿ ನೋಡಿ. ಬರುವ ಉತ್ತರದಲ್ಲಿ ಅವರಿಗೆ ನಿಮ್ಮ ಒತ್ತಡದ ಬಗ್ಗೆ ನಿಜಕ್ಕೂ ಎಷ್ಟು ಕಾಳಜಿ ಇದೆ ಎಂಬುದು ಗೊತ್ತಾಗುತ್ತದೆ.

ಪ್ರಶ್ನೆ: ದೊಡ್ಡ ಹುದ್ದೆಯವರಿಗೆ ಒತ್ತಡ ಜಾಸ್ತಿ ಅಂತಾರೆ. ನನ್ನದು ಸಣ್ಣ ಹುದ್ದೆ, ಹೇಳಿದ್ದನ್ನು ಮಾಡುವುದಷ್ಟೇ. ಆದರೂ ನನಗೇ ಬಿಪಿ, ನಮ್ಮ ಬಾಸ್ ಗುಂಡುಕಲ್ಲಿನ ಹಾಗಿದ್ದಾರೆ! ಅವರಿಗೆ ‘ಆಗಲ್ಲ’ ಎಂದು ಹೇಳುವ ಧೈರ್ಯವೂ ನನಗಿಲ್ಲ.

ಉತ್ತರ: ‘ಹೇಳಿದ್ದನ್ನು ಮಾಡುವುದಷ್ಟೇ’ ಅಂತೀರಲ್ಲ, ಆ ‘ಅಷ್ಟೇ’ಯಲ್ಲೇ ಇದೆ ತೊಂದರೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಎಂಬುದೊಂದಿದೆ. ಎಲ್ಲರೂ ನಿಮ್ಮ ಹಾಗೇ ಅಂದುಕೊಂಡಿದ್ದರು, ಮೇಲಿನ ಅಧಿಕಾರಿಗಳಿಗೇ ಹೃದಯದ ಕಾಯಿಲೆ ಜಾಸ್ತಿ ಇರುತ್ತದೆ ಎಂದು. ಸಿಕ್ಕಿದ್ದು ತಿರುಗಾಮುರುಗಾ. ತೀರಾ ಕೆಳಗಿನ ದರ್ಜೆಯವರು ಹೃದಯದ ಕಾಯಿಲೆಯಿಂದ ಸಾಯುವುದು ಮೇಲಿನವರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕ ಹಾಕಿದರೂ ಆ ಅಂತರ ಪೂರ್ತಿ ಕರಗಲಿಲ್ಲ. 1985ರಲ್ಲಿ 10,308 ಜನರೊಂದಿಗೆ ಎರಡನೇ ಸುತ್ತು ಶುರುವಾಯಿತು. ಆಗ ಅಧ್ಯಯನ ನಡೆಸಿದ ಮೈಕಲ್ ಮಾರ್ಮಟ್ ಮತ್ತು ಜೊತೆಗಾರರ ಕಣ್ಣಿಗೆ ಬಿದ್ದ ಮುಖ್ಯ ಕಾರಣಗಳಲ್ಲಿ ಒಂದು, ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರುವುದು. ರಾಬರ್ಟ್ ಕರಾಸೆಕ್ ಎಂಬ ಸಂಶೋಧಕ 1979ರಲ್ಲೇ ಇದನ್ನು ಹೇಳಿದ್ದರು. ಬೇಡಿಕೆ ಜಾಸ್ತಿ ಇದ್ದು ಹಿಡಿತವೂ ಇದ್ದರೆ ಮನುಷ್ಯ ಹೇಗೋ ಈಜುತ್ತಾನೆ, ಬೇಡಿಕೆ ಮಾತ್ರ ಇದ್ದು ಹಿಡಿತ ಇಲ್ಲದಿದ್ದರೆ ಮುಳುಗುತ್ತಾನೆ.

ಹಾಗಾಗಿ ನಿಮಗೆ ಬೇಕಾದ್ದು ‘ಆಗಲ್ಲ’ ಎನ್ನುವ ಧೈರ್ಯಕ್ಕಿಂತ ಸಣ್ಣ ಸಣ್ಣ ಹಿಡಿತ. ಬಾಸ್ ಹತ್ತಿರ ಹೋಗಿ ‘ನನಗೆ ಸ್ಟ್ರೆಸ್ ಆಗ್ತಿದೆ’ ಎಂದರೆ ‘ಯಾರಿಗಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲು ಪಟ್ಟಿ ಹಿಡಿದು ಹೋಗಿ. ‘ಈ ವಾರ ಈ ಐದು ಕೆಲಸ ಇದೆ, ಸರಿಯಾಗಿ ಮಾಡಿದರೆ ಮೂರು ಮುಗಿಯುತ್ತೆ, ಯಾವ ಮೂರು ಮೊದಲು ಬೇಕು ಹೇಳಿ’ ಎಂದು ಕೇಳಿ. ಇದು ಇಲ್ಲ ಎಂದ ಹಾಗೂ ಅಲ್ಲ, ಎಲ್ಲಕ್ಕೂ ಹೂಂ ಎಂದ ಹಾಗೂ ಅಲ್ಲ. ಅವರು ಹೇಳಿದ್ದನ್ನು ಅವತ್ತೇ ಎರಡು ಸಾಲಿನಲ್ಲಿ ಬರೆದು ಕಳಿಸಿ, ಆಮೇಲೆ ‘ಹಾಗೆ ಹೇಳೇ ಇಲ್ಲ’ ಎನ್ನುವುದು ತಪ್ಪುತ್ತದೆ. ಬಾಸ್ ಐದೂ ಬೇಕು ಎಂದರೆ? ಹಲವರು ಅನ್ನುತ್ತಾರೆ. ಆದರೂ ಮೂರನೇ ವಾರಕ್ಕೆ ಆ ಪಟ್ಟಿ ನಿಮ್ಮ ಕೈಯಲ್ಲಿ ಸಾಕ್ಷಿಯಾಗಿರುತ್ತದೆ. ಇನ್ನು ಬೈಗುಳ, ಅವಮಾನ, ಬೆದರಿಕೆ ಇದ್ದರೆ ಅದನ್ನು ಒತ್ತಡ ಎಂದು ಕರೆಯಬೇಡಿ, ಅದು ಕಿರುಕುಳ. ಅದಕ್ಕೆ ಉಸಿರಾಟದ ಕ್ಲಾಸ್ ಮದ್ದಲ್ಲ. ದಿನಾಂಕ ಹಾಕಿ ಬರೆದಿಟ್ಟುಕೊಂಡು ದೂರು ಕೊಡಿ. ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಕೆಲಸ ಹಗುರಾದರೂ.

ಪ್ರಶ್ನೆ: ನನ್ನ ಗಂಡ ವಾರಕ್ಕೆ ಅರವತ್ತು ಗಂಟೆ ದುಡಿಯುತ್ತಾರೆ. ಮನೆಗೆ ಬಂದರೆ ಮಾತಿಲ್ಲ. ‘ಏನಾಯ್ತು’ ಅಂದರೆ ‘ಏನಿಲ್ಲ’. ನಿದ್ದೆ ಬರಲಿ ಎಂದು ಈಗೀಗ ರಾತ್ರಿ ಕುಡಿಯುವುದೂ ಶುರುವಾಗಿದೆ.

ಉತ್ತರ: ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ಅದು ನಿಜ. ಆದರೆ ರಾತ್ರಿಯ ಎರಡನೇ ಅರ್ಧ ಕೆಡುತ್ತದೆ, ಮೂರು ಗಂಟೆಗೆ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿರುತ್ತಾರೆ. ಮರುದಿನ ಇನ್ನೂ ಸುಸ್ತು, ಮರುರಾತ್ರಿ ಇನ್ನೊಂದು ಗ್ಲಾಸು. ಗಂಟೆಗಳ ಲೆಕ್ಕವೂ ಚಿಕ್ಕದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ದಾಟಿದವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಜಾಸ್ತಿ.

ಆದರೆ ಈ ಅಂಕಿಗಳನ್ನು ಅವರ ಮುಂದೆ ಓದಬೇಡಿ ಮಾರಾಯರೆ, ಮನೆಯಲ್ಲೂ ಒಂದು ಮೀಟಿಂಗ್ ಆದ ಹಾಗಾಗುತ್ತದೆ. ‘ಏನಾಯ್ತು’ ಎಂಬುದು ಕೂಡ ಅವರಿಗೆ ಉತ್ತರ ಕೊಡಲೇಬೇಕಾದ ಇನ್ನೊಂದು ಕೆಲಸ. ಬಂದ ಕೂಡಲೇ ಕೇಳದೆ ಅರ್ಧ ಗಂಟೆ ಬಿಟ್ಟುಬಿಡಿ. ಎದುರು ಬದುರು ಕೂರುವ ಬದಲು ಜೊತೆಗೆ ನಡೆಯುತ್ತಲೋ ಪಾತ್ರೆ ಒರೆಸುತ್ತಲೋ ನಿಮ್ಮ ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಿ. ‘ಎರಡು ತಿಂಗಳಿಂದ ನೀವು ನಕ್ಕಿದ್ದು ನೋಡಿಲ್ಲ, ನನಗೆ ಭಯ ಆಗ್ತಿದೆ’ ಅಂದರೆ ಸಾಕು, ಆಮೇಲೆ ಸುಮ್ಮನಿರಿ. ಕುಡಿತ ದಿನಾ ಆಗಿದ್ದರೆ ಒಟ್ಟಿಗೆ ವೈದ್ಯರ ಹತ್ತಿರ ಹೋಗಿ. ಬಹಳ ಕಾಲದಿಂದ ತುಂಬಾ ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ ಅದೂ ಅಪಾಯ. ಮತ್ತೆ, ನಿಮ್ಮ ನಿದ್ದೆ ಹೇಗಿದೆ? ಪತ್ರದಲ್ಲಿ ಅದರ ಬಗ್ಗೆ ಒಂದು ಮಾತೂ ಇರಲಿಲ್ಲ.

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ರಾಜೀನಾಮೆ ಬರೆದು ಡ್ರಾಫ್ಟಿನಲ್ಲಿ ಇಟ್ಟಿದ್ದೇನೆ. ಕಳಿಸಿಲ್ಲ. ದಿನಾ ಒಂದು ಸಲ ತೆರೆದು ನೋಡುತ್ತೇನೆ, ಏನೋ ಸಮಾಧಾನ. ನನಗೆ ಹುಚ್ಚು ಹಿಡಿದಿದೆಯಾ?

ಉತ್ತರ: ಇಲ್ಲಪ್ಪ. ಬಾಗಿಲು ಇದೆ ಎಂದು ದಿನಾ ಖಾತ್ರಿ ಮಾಡಿಕೊಳ್ಳುತ್ತಿದ್ದೀರಿ, ಅಷ್ಟೇ. ಮೇಲೆ ಹೇಳಿದ ಹಿಡಿತ ಅಂದರೆ ಇದೇ, ಇಡೀ ದಿನದಲ್ಲಿ ನಿಮ್ಮ ಕೈಯಲ್ಲೇ ಇರುವ ವಿಷಯ ಅದೊಂದೇ ಇರಬೇಕು.

ಆದರೆ ನಾಲ್ಕು ತಿಂಗಳು ನೋಡಿದ್ದಾಯಿತು, ಈಗ ಅದರಿಂದ ಸ್ವಲ್ಪ ಕೆಲಸ ತೆಗೆಯಿರಿ. ಯಾಕೆ ಬಿಡಬೇಕು ಅನ್ನಿಸಿದೆ? ಬರ್ನ್‌ಔಟಿಗೆ ಮೂರು ಮುಖ ಇದೆ ಎಂದ ಮ್ಯಾಸ್ಲಾಕ್ ಮತ್ತು ಅವರ ಜೊತೆಗಾರ ಮೈಕಲ್ ಲೀಟರ್ ಆರು ಕಡೆ ಹುಡುಕಲು ಹೇಳುತ್ತಾರೆ: ಕೆಲಸದ ಹೊರೆ, ಹಿಡಿತ, ಸಿಗುವ ಪ್ರತಿಫಲ, ಜೊತೆಯ ಜನ, ನ್ಯಾಯ, ನಿಮ್ಮ ಮನಸ್ಸಿಗೆ ಸರಿ ಅನ್ನಿಸುವ ಮೌಲ್ಯ. ಹೊರೆ ಒಂದೇ ಜಾಸ್ತಿಯಾಗಿದ್ದರೆ ಮಾತಾಡಿ ಸರಿ ಮಾಡಬಹುದು, ವಿಭಾಗ ಬದಲಿಸಬಹುದು. ನ್ಯಾಯ ಮತ್ತು ಮೌಲ್ಯ ಎರಡೂ ಕೆಟ್ಟಿದ್ದರೆ ಕಷ್ಟ, ಅಲ್ಲಿ ನೀವು ಎಷ್ಟೇ ಚೆನ್ನಾಗಿ ನಿದ್ದೆ ಮಾಡಿದರೂ ಬೆಳಿಗ್ಗೆ ಅದೇ ಕಾಲು ಭಾರ. ಎಷ್ಟು ತಿಂಗಳು ಸಂಬಳವಿಲ್ಲದೆ ನಡೆಯುತ್ತದೆ ಎಂದು ಲೆಕ್ಕ ಹಾಕಿ ಆ ಪತ್ರದ ಪಕ್ಕದಲ್ಲೇ ಇಡಿ. ಬೇರೆ ಕೆಲಸಕ್ಕೆ ಒಂದು ಅರ್ಜಿ ಹಾಕಿ ನೋಡಿ, ಹೋಗಲೇಬೇಕೆಂದೇನಿಲ್ಲ. ತೀರ್ಮಾನವನ್ನು ಮಾತ್ರ ರಾತ್ರಿ ಹನ್ನೊಂದಕ್ಕೆ ಮಾಡಬೇಡಿ, ಬಾಸ್ ಬೈದ ದಿನವೂ ಬೇಡ.

ಡ್ರಾಫ್ಟ್ ಅಳಿಸಬೇಡಿ, ಇರಲಿ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಇಟ್ಟಿದ್ದರೆ ಮಾತ್ರ ಇವತ್ತೇ ಬೇರೆ ಕಡೆ ಸಾಗಿಸಿ.